ನಮೂನೆ ಏಳು

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಿಂದೆ ನನ್ನ ಅಂಗನವಾಡಿ.
ಬೆಳಿಗ್ಗೆ ಮೊಟ್ಟೆ ಎಣಿಸುತ್ತೇನೆ, ಮಧ್ಯಾಹ್ನ ಮತದಾರರನ್ನು.
ಒಡೆದ ಮೊಟ್ಟೆ ಬರೆಯಲು ಪುಸ್ತಕದಲ್ಲಿ ಬೇರೆ ಪುಟವಿದೆ.

ಈ ಸಲ ತಾಲ್ಲೂಕು ಕಚೇರಿಯಿಂದ ಬಂದ ಪಟ್ಟಿಯಲ್ಲಿ
ಗುಲಾಬಿ ಬಳಿದ ಎರಡು ಸಾಲು:
ಖಮರುನ್ನೀಸಾ, ಗಂಡ ಮಹಬೂಬ್, ನಲವತ್ತೊಂದು.
ಖಮರುನ್ನೀಸಾ, ಗಂಡ ಮಹಬೂಬ್, ನಲವತ್ತೊಂದು.
"ಕಂಪ್ಯೂಟರೇ ಹಿಡಿದಿದೆ ಮೇಡಂ, ಒಂದು ತೆಗೆಯಿರಿ,
ಇಲ್ಲದಿದ್ದರೆ ಎರಡೆರಡು ಸಲ ಒತ್ತಿ ಬರುತ್ತಾರೆ."
ಕೈಗೆ ನಮೂನೆ ಏಳು ಕೊಟ್ಟರು.
ಕೂತ್ಕೊಳ್ಳಿ ಅನ್ನಲಿಲ್ಲ.

ಮೊದಲನೆಯವಳು ಕುದಿನೀರಲ್ಲಿ ಕೈಯಿಟ್ಟು
ಎಳೆಯ ತುದಿ ಹುಡುಕುತ್ತಿದ್ದಳು.
ಬೆಂದ ಹುಳುವಿನ ವಾಸನೆಗೆ ನಾನು ಸೆರಗು ಮುಚ್ಚಿಕೊಂಡೆ.
ಬೆರಳು ಬಿಡಿಸಿ ತೋರಿಸಿದಳು:
ಬೆಳ್ಳಗೆ, ನೆನೆದ ಕಡಲೆಯ ಹಾಗೆ ಊದಿ, ಗೆರೆಯೇ ಇಲ್ಲ.
"ರೇಷನ್ ಅಂಗಡಿ ಮಿಷನ್ನಿಗೆ ನಾನು ಒಂದು ಸಲವೂ ಇಲ್ಲ.
ನಿಮ್ಮ ಪಟ್ಟಿಗೆ ಮಾತ್ರ ಎರಡು ಸಲ ಇದ್ದೀನಾ ಟೀಚರಮ್ಮ?"
ನಕ್ಕಳು. ನನಗೆ ನಗಲು ಆಗಲಿಲ್ಲ.
ಅವಳ ಮಹಬೂಬ್ ತೀರಿಕೊಂಡು ಮೂರು ವರ್ಷ;
ಪಟ್ಟಿಯಲ್ಲಿ ಇನ್ನೂ ಇದ್ದಾನೆ, ಅವನಿಗೆ ಗುಲಾಬಿ ಬಳಿದಿಲ್ಲ.

ಎರಡನೆಯವಳು ಎರಡು ಗಲ್ಲಿ ಆಚೆ,
ಜಗಲಿಯ ಮೇಲೆ ಗೂಡು ಬೇರ್ಪಡಿಸುತ್ತಿದ್ದಳು.
ಎಡಗಣ್ಣಿನ ಕೆಳಗೆ ಮಚ್ಚೆ, ಬಾಯಲ್ಲಿ ಲವಂಗ.
ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಬೇರೆ ಬುಟ್ಟಿಗೆ ಎಸೆದಳು.
"ಜೋಡಿಗೂಡು. ಒಳಗೆ ಎರಡು ಹುಳ.
ಹೊರಗಿಂದ ಒಂದೇ ಥರ ಕಾಣುತ್ತೆ,
ಅಲ್ಲಾಡಿಸಿ ಕೇಳಬೇಕು."

ಷರಾ ಕಾಲಂನಲ್ಲಿ ಬರೆದೆ:
ಇಬ್ಬರು. ಕೇಳಿ ನೋಡಿದ್ದೇನೆ.

ಹೇಳದೆ ಉಳಿದದ್ದು ಒಂದಿದೆ.
ಬಾಗೇಪಲ್ಲಿಯ ಪಟ್ಟಿಯಲ್ಲೂ ನಾನಿದ್ದೇನೆ, ಮದುವೆಗೆ ಮುಂಚಿನಿಂದ.
ಅಲ್ಲಿ ಅಶ್ವಥಮ್ಮ, ಇಲ್ಲಿ ಅಶ್ವತ್ಥಮ್ಮ;
ಒಂದು ಒತ್ತಕ್ಷರ ಸಾಕಾಯಿತು
ಕಂಪ್ಯೂಟರಿನ ಕಣ್ಣಿಗೆ ನಾನು ಬೀಳದಿರಲು.
ಹೋದ ಚುನಾವಣೆಯ ದಿನ ಮೂರು ಗಂಟೆಗೆ ತಮ್ಮನ ಫೋನು:
"ರಾ ಅಕ್ಕಾ, ಒಕ್ಕ ಓಟು."
ಶಾಯಿ ಹೋಗುವುದಕ್ಕೆ ಅವನ ಬಳಿ ಮದ್ದಿತ್ತಂತೆ.
ಬಸ್ಸಿಲ್ಲ ಎಂದೆ.
ಬಸ್ಸಿತ್ತು. ಖಾಲಿಯೇ ಇತ್ತು.
ಬೆರಳ ಮೇಲಿನ ಗೆರೆ ಇನ್ನೂ ಹಸಿಯಾಗಿ, ಉಗುರಿನ ಬುಡಕ್ಕೆ ಇಳಿಯುತ್ತಿತ್ತು.
ತಡೆದದ್ದು ಏನೆಂದು ಈಗಲೂ ಸರಿಯಾಗಿ ಗೊತ್ತಿಲ್ಲ,
ಪಟ್ಟಿಯಂತೂ ಅಲ್ಲ.

ರಾತ್ರಿ ಇನ್ನೊಂದು ನಮೂನೆ ಏಳು ತುಂಬಿದೆ,
ನನ್ನದೇ ಹೆಸರಿಗೆ.
ಕಾರಣ: ಪುನರಾವರ್ತನೆ.
ತಂದೆ ಅಥವಾ ಗಂಡ ಎಂಬಲ್ಲಿ ಪೆನ್ನು ನಿಂತಿತು.
ಆ ಒಂದು ಪಟ್ಟಿಯಲ್ಲಿ ಮಾತ್ರ ಈಗ
ನನ್ನ ಪಕ್ಕ ಅಪ್ಪನ ಹೆಸರಿದೆ.

ಸಹಿ ಹಾಕಿದ್ದೇನೆ.
ತಾರೀಖು ಹಾಕಿಲ್ಲ.
ಮೊಟ್ಟೆ ಪುಸ್ತಕದೊಳಗೆ ಇಟ್ಟಿದ್ದೇನೆ,
ಒಡೆದವುಗಳ ಪುಟದಲ್ಲಿ.