ಕಿಂಡಿಯ ಅಳತೆ

ವಾಸ್ಕೋದ ರೇಷನ್ ಕಚೇರಿಯ ಕಿಂಡಿ
ನನ್ನ ಸೊಂಟದ ಮಟ್ಟಕ್ಕಿತ್ತು.
ಹದಿನೇಳು ವರ್ಷ ನಾನೂ ಬಗ್ಗಿದವನೇ ಅಲ್ಲಿ,
ಹೆಂಡತಿಯ ಹೆಸರು ಸೇರಿಸಲಿಕ್ಕೆ,
ಆಮೇಲೆ, ತೆಗೆಸಲಿಕ್ಕೆ.

ಈ ಸಲ ಗರಗಸ ಹಿಡಿದು ಹೋದೆ, ಕೆಲಸ ನನಗೇ ಸಿಕ್ಕಿತ್ತು.
ಹೊಸದಾಗಿ ಬಂದ ಶಿರೋಡ್ಕರ್ ಮೇಡಮ್
ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದರು:
ಇಲ್ಲಿಗೆ ಏರಿಸಿ. ಯಾರೂ ತಲೆ ತಗ್ಗಿಸಬಾರದು.

ಟೇಪು ಬಿಚ್ಚಿದೆ. ಯಾರ ತಲೆ?
ಸಾಲಿನಲ್ಲಿ ಬೈನಾದ ಫಕೀರವ್ವ, ನಾಲ್ಕಡಿ ಚಿಲ್ಲರೆ.
ಹಿಂದೆ ಬಂದರಿನ ಹಮಾಲ ಇಮಾಮಸಾಬ, ತೊಲೆಗೆ ತಾಗುವ ಆಳು.
ಮೂರುಗಾಲಿ ಸೈಕಲ್ಲಿನ ದುಮಿಂಗ್ ನಕ್ಕ:
'ನನಗೆ ಹಳೇ ಕಿಂಡಿಯೇ ಸರಿ ಇತ್ತಲ್ಲ ಮೇಸ್ತಾ!'

ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಕೂತೆ.
ಚಹಾ ಬಂತು, ಆರಿತು.
ಎಲ್ಲರಿಗೂ ಒಂದೇ ಎತ್ತರ ಅಂದರೆ
ಯಾರೋ ಒಬ್ಬರು ಜಿಗಿಯಬೇಕು.
ಕೊನೆಗೆ ಮೇಡಮ್ಮನ್ನೇ ಕೇಳಿದೆ:
ಈ ಹಲಗೆ ಇರುವುದಾದರೂ ಯಾತಕ್ಕೆ?
ಅವರೂ ಹುಡುಕಿದರು, ಯಾವ ಕಡತದಲ್ಲೂ ಇರಲಿಲ್ಲ.

ಕೊಯ್ದು ತೆಗೆದೆ. ಒಂದು ಮೇಜು, ಎರಡೂ ಕಡೆ ಬೆಂಚು.

'ಕಿಂಡಿ ಏರಿಸುವುದು' ಎಂದಿತ್ತು ಆದೇಶ.
ಏರಿಸಿದ ಕಿಂಡಿ ಎಲ್ಲಿ, ಎಂದು ಪಣಜಿಯಿಂದ ಪ್ರಶ್ನೆ;
ನನ್ನ ಬಿಲ್ಲು ನಿಂತಿದೆ.
ನಿನ್ನೆ ಕೇಳಲು ಹೋದೆ.
ಎದುರಿಗೆ ಹಲಗೆಯಿಲ್ಲ, ಆದರೂ
ಹಾಳು ಸೊಂಟ
ತಾನೇ ಬಗ್ಗಿತು.