ಕೆಳಗಿನ ಸಹಿ

ಕೋಡಿಬಾಗದ ಧಕ್ಕೆಯಲ್ಲಿ ತಾರಿ ಕಾಯುವಾಗಲೇ
ಕೇಳಬೇಕೇ ನೀವು, ಬಾಗ್ದಾದಿನಲ್ಲಿ ಏನು ಮಾಡುತ್ತಿದ್ದೆನೆಂದು?
ಟೈಪು ಮಾಡುತ್ತಿದ್ದೆ ಮಾರಾಯರೆ, ಮತ್ತೇನು.
ಹನ್ನೊಂದು ವರ್ಷ, ಒಂದೇ ಯಂತ್ರ.
ಧೂಳಿಗೆ ಅಕ್ಷರಗಳು ಕಚ್ಚಿಕೊಳ್ಳುತ್ತಿದ್ದವು,
ಕೋಳಿಪುಕ್ಕದಿಂದ ಒರೆಸುವುದೇ ಬೆಳಗಿನ ಪೂಜೆ.

ಮಂತ್ರಿ ಮುನೀಫ್ ಬೇ. ನೀಳ ಆಳು, ಕಪ್ಪು ಟೊಪ್ಪಿ.
ತುರ್ಕರ ಕಾಲದಲ್ಲಿ ಫಿರಂಗಿ ದಳದಲ್ಲಿದ್ದು
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವರು.
ಆದ್ದರಿಂದ ಸಲಹೆಗಾರ ಸಾಹೇಬನನ್ನು
ಯಾವತ್ತೂ ಎಡಕ್ಕೇ ಕೂರಿಸುತ್ತಿದ್ದರು.

ಪ್ರತಿ ಕಾಗದಕ್ಕೂ ಎರಡು ಸಹಿ.
ಮೇಲಿನದು ಮಂತ್ರಿಯದು, ಬಲದಿಂದ ಎಡಕ್ಕೆ,
ನೀರು ಬಿಟ್ಟೇಳುವ ಕೊಕ್ಕರೆಯ ಹಾಗೆ.
ಕೆಳಗಿನದು ಪಕ್ಕದ ಕೋಣೆಯದು, ಪುಟ್ಟದು, ಪೆನ್ಸಿಲಿನದು.
ಕೆಳಗಿನದು ಬೀಳುವ ತನಕ
ಮೇಲಿನದು ಬರೀ ಚಿತ್ರ.

ಒಂದು ಕಾಲುವೆಯ ಹೂಳೆತ್ತಲು ಏಳು ಸಲ ಬರೆಸಿದರು.
ಏಳು ಸಲವೂ ಪೆನ್ಸಿಲು ‘ನೋಡೋಣ’ ಎಂದಿತು.
ರಾಜೀನಾಮೆ ಬರೆಸಿದ್ದು ಮೂರು ಸಲ.
ಇದಕ್ಕೂ ಕೆಳಗೆ ಜಾಗ ಬಿಡಲೇ ಎಂದೆ,
ನಿಯಮ ನಿಯಮವೇ ಅಲ್ಲವೇ.
ಕೆಮ್ಮು ಬರುವಷ್ಟು ನಕ್ಕು
ಎರಡನ್ನು ಹರಿದರು. ಮೂರನೆಯದು ಹೋಯಿತು.

ಆ ಸಂಜೆ ದೀಪ ಹಚ್ಚಗೊಡದೆ ಕೇಳಿದರು:
‘ನಿನ್ನ ಊರಲ್ಲಿ ಹೊಳೆ ಇದೆಯೇ, ಬಾಡಕರ?’
ಇದೆ. ಕಾಳಿ. ಸಮುದ್ರ ಸೇರುವಲ್ಲಿ ಆಚೆ ದಡ ಮಸುಕು.
‘ದಾಟುವುದು?’
ತಾರಿ ಇದೆ.
‘ತಾರಿ ಯಾರದು?’
ಕಲೆಕ್ಟರು ಹರಾಜು ಹಾಕುತ್ತಾನೆ, ಎಂದೆ.

ಬಲಗಿವಿ ನನ್ನ ಕಡೆ ತಿರುಗಿಸಿದರು,
ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ.
‘ಹಾಗಾದರೆ ಈ ಕೆಲಸ
ಇಲ್ಲಿಗೆ ಬರುವ ಮೊದಲೇ ನಿನಗೆ ಗೊತ್ತಿತ್ತು.’

ತಾರ್ಲೆಯ ಮುಳ್ಳಿನ ಹಾಗೆ ಆ ಮಾತು.
ನೋವಿಲ್ಲ. ಗಂಟಲಲ್ಲಿ ಇದೆ, ಅಷ್ಟೆ.

ಅವರು ತೀರಿದ ಸುದ್ದಿ ತಂದದ್ದು
ಭಟ್ಕಳದ ಶಾಬಂದ್ರಿಯವರ ಮಚವೆ,
ಬಸ್ರಾದ ಖರ್ಜೂರದ ಬುಟ್ಟಿಗಳ ಜೊತೆ.
ಒಂದು ಬೀದಿಗೆ ಅವರ ಹೆಸರಿಟ್ಟಿದ್ದಾರಂತೆ,
ನಾಮಫಲಕ ಎರಡು ಭಾಷೆಯಲ್ಲಿದೆಯಂತೆ.
ಕಾಲುವೆ ಏನಾಯಿತು ಎಂದೆ.
ತಾಂಡೇಲನಿಗೆ ಗೊತ್ತಿರಲಿಲ್ಲ, ಪಾಪ,
ಅವನು ಸಮುದ್ರದವನು.

ಹಾಂ, ದೋಣಿ ಬಂತು, ಏಳಿ.
ಚೀಟಿ ತೆಗೆದುಕೊಂಡಿರಾ? ಒಮ್ಮೆ ತಿರುಗಿಸಿ ನೋಡಿ,
ಕೆಳಮೂಲೆಯಲ್ಲಿ ಪೆನ್ಸಿಲಿನ ಗೀಟು ಇದೆಯೋ.
ಇಲ್ಲದಿದ್ದರೆ ಹತ್ತಿಸುವುದಿಲ್ಲ.