ಅಡ್ಡಹೆಸರು

ಪಾಸ್‌ಪೋರ್ಟಿನವನು ಒಪ್ಪಲಿಲ್ಲ.
ಹಾಲಮ್ಮ ಟಿ. ಬಿ. ಅಂದ್ರೆ ಏನು, ಬಿಡಿಸಿ ಬರೀರಿ ಅಂದ.
ಬಿಡಿಸಿದೆ:
ಬಿ ಅಂದರೆ ಅಪ್ಪ, ಬಸವಣ್ಯಪ್ಪ;
ಟಿ ಅಂದರೆ ಊರು.
ಕಂಪ್ಯೂಟರು ಹಿಂದುಮುಂದು ಮಾಡಿ
ಊರನ್ನೇ ನನ್ನ ವಂಶ ಮಾಡಿಬಿಟ್ಟಿತು.
ಈಗ ನಾನು ತ್ಯಾವರೆಕೊಪ್ಪದವಳಲ್ಲ,
ತ್ಯಾವರೆಕೊಪ್ಪವೇ.

ನಮ್ಮೂರಿಗೆ ಜನ ಬರೋದು ಸಿಂಹ ನೋಡಲಿಕ್ಕೆ.
ನಾವು ನೋಡಿದ್ದಿಲ್ಲ, ಕೇಳಿಸುತ್ತಿತ್ತು
ರಾತ್ರಿ ಊಟದ ಹೊತ್ತಿಗೆ, ಬೇಲಿಯಾಚೆಯಿಂದ.
ಅಜ್ಜಿ ಸಾರು ಬಡಿಸುತ್ತಾ
"ಹಸಿವಲ್ಲ ಕಣೆ ಅದು, ಬೇಜಾರು" ಅನ್ನೋಳು.
"ಎಲ್ಲಿಂದಲೋ ತಂದು ಬಿಟ್ಟವ್ರೆ, ಪರದೇಶಿಗಳು.
ಹೊತ್ತಿಗೆ ಸರಿಯಾಗಿ ಮಾಂಸ ಹಾಕ್ತಾರೆ,
ಭಾನುವಾರವೂ ಡ್ಯೂಟಿ."

ಪರದೇಶಿ.
ಅದೇ ಮಾತು ನನಗೂ ಬಿದ್ದಿದೆ,
ತಲೆ ಬಾಚದೆ ಶಾಲೆಗೆ ಹೊರಟ ದಿನ,
ಹಾಲು ಉಕ್ಕಿಸಿದ ದಿನ,
ಸೆರಗಲ್ಲಿ ಮೂಗು ಒರೆಸುತ್ತಾ ಒಮ್ಮೊಮ್ಮೆ ಪ್ರೀತಿಗೂ.
ಬೈಗುಳ ಅಂದುಕೊಂಡಿದ್ದೆ.
ಅರ್ಜಿಯ ನಾಲ್ಕನೇ ಪುಟದಲ್ಲಿ
ಅದಕ್ಕೊಂದು ಚೌಕ ಇದೆ. ಟಿಕ್ ಹಾಕಬೇಕು.

ದುರ್ಗಿಗುಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ, ಫಯಾಜ್ ಸರ್ ಕ್ಲಾಸು.
ನೈಟ್ ಡ್ಯೂಟಿ ಮುಗಿಸಿ ನೇರ, ಮುಖ ತೊಳೆಯದೆ.
ಸರ್ ಆ ದೇಶದ ಗೋದಾಮಿನಲ್ಲಿ
ಏಳು ವರ್ಷ ಡಬ್ಬ ಎತ್ತಿ ಬಂದವರು;
ಬೆನ್ನುನೋವಿಗೆ ಅವರ ಹತ್ತಿರ ಹನ್ನೊಂದು ಪದ,
ಪ್ರೀತಿಗೆ ಒಂದೇ, ಅದೂ ಪುಸ್ತಕದ್ದು.
ಡೆರ್, ಡೀ, ಡಾಸ್. ಬಾಯಿಪಾಠ ಮಾಡಿ, ಕಾರಣ ಕೇಳಬೇಡಿ.
ಅಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು.
ನೋವು ಗಂಡು. ಸಾವೂ ಗಂಡು.
ಸೂಜಿ ಹೆಣ್ಣು, ಕೆಲಸ ಹೆಣ್ಣು.
ಜ್ವರ ಎರಡೂ ಅಲ್ಲ.
ಹುಡುಗಿ?
ಹುಡುಗಿಯೂ ಎರಡೂ ಅಲ್ಲ, ಅಂದರು ಸರ್, ಡಸ್ಟರ್ ನೋಡುತ್ತಾ.
"ಮದುವೆಯಾದ ಮೇಲೆ ಹೆಣ್ಣಾಗ್ತಾಳೆ."
ಹಿಂದಿನ ಬೆಂಚಿನಲ್ಲಿ ನಾವು ಮೂವರು ನರ್ಸುಗಳು ನಕ್ಕೆವು:
ಇದನ್ನ ಕಲಿಯೋಕೆ ಅಷ್ಟು ದೂರ ಹೋಗಬೇಕಾ?

ಇಂಟರ್‌ವ್ಯೂಗೆ ಇನ್‌ವರ್ಟರ್ ಇರುವ ಮನೆ ಹುಡುಕಿದ್ದೆ.
ಪರದೆಯ ಮೇಲೆ ಬಿಳಿಕೂದಲ ಹೆಂಗಸು.
"ಫ್ರಾವ್ ತ್ಯಾ... ತ್ಯಾವ..."
ನಾಲಿಗೆ ನಮ್ಮೂರ ರಸ್ತೆಯ ಗುಂಡಿಗೆ ಬಿದ್ದು ಎದ್ದಿತು.
ಅನುಭವ ಹೇಳಿ.
ತೀರ್ಥಹಳ್ಳಿ ಕಡೆಯಿಂದ ಬರುವ
ಮಂಗನ ಕಾಯಿಲೆಯವರ ವಾರ್ಡು, ಮೂರು ಬೇಸಿಗೆ, ಅಂದೆ.
ಆ ಭಾಷೆಯಲ್ಲಿ ಅದು
ನಾನು ಕಟ್ಟಿದ ಕಥೆಯ ಹಾಗೆ ಕೇಳಿಸಿತು.
ತಿದ್ದಿದೆ: ತಪ್ಪು ಮಂಗನದಲ್ಲ.
ಕಾಡು. ಒಣ ಎಲೆ. ಬರಿಗಾಲು.
ಉಣುಗಿಗೆ ಪದ ಬರಲಿಲ್ಲ.
ಕ್ಯಾಮೆರಾದ ಮುಂದೆ ಎರಡು ಬೆರಳು ಸೇರಿಸಿ
ಚಿವುಟಿ ತೋರಿಸಿದೆ,
ದನದ ಕಿವಿಯಿಂದ ಕಿತ್ತು ಕಲ್ಲಿಗೆ ಒರೆಸುವ ಹಾಗೆ.
ಆಕೆ ಕುರ್ಚಿಯಿಂದ ಮುಂದೆ ಬಾಗಿದಳು.
"ತ್ಸೆಕ್ಕೆ!"
ನಮ್ಮ ಕಾಡಲ್ಲೂ ಇದೆ ಅದು. ನನ್ನ ತಮ್ಮನಿಗೆ ಕಚ್ಚಿ
ಎರಡು ತಿಂಗಳು ಮಲಗಿದ್ದ, ಅಂತ
ತನ್ನ ಹಣೆ ಮುಟ್ಟಿ ತೋರಿಸಿದಳು, ಎಲ್ಲಿಗೆ ಏರಿತ್ತೆಂದು.
ಆಮೇಲೆ ಸ್ವಲ್ಪ ಹೊತ್ತು
ನಾವಿಬ್ಬರೂ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಆರ್ಡರ್ ಬಂದ ವಾರ ಟಿಕೆಟ್ ತಗೊಂಡು
ಮೊದಲ ಸಲ ಸಿಂಹ ನೋಡಲು ಹೋದೆ.
ಜಾಲರಿ ಕಿಟಕಿಯ ವ್ಯಾನು, ಚಿಪ್ಸ್ ತಿನ್ನುವ ಮಕ್ಕಳು.
ಮರದಡಿ ಒಂದು ಮಲಗಿತ್ತು,
ಮೂತಿಯ ಮೇಲೆ ನೊಣ, ಓಡಿಸುವ ಮನಸ್ಸಿಲ್ಲದೆ.
ಪಾಪ, ಎಲ್ಲಿಂದ ತಂದಿದ್ದೋ, ಅಂದೆ ಡ್ರೈವರಿಗೆ.
"ಇದಾ? ಇದು ಇಲ್ಲೇ ಹುಟ್ಟಿದ್ದು ಮೇಡಂ.
ಇದಕ್ಕೆ ಇದೇ ಊರು."

ಮತ್ತೆ ರಾತ್ರಿ ಕೂಗೋದು ಯಾಕೆ?

ಅವನು ಗೇರು ಬದಲಿಸಿದ.